ಒಂದು ವೋಟಿನ ಹಾಲೇಶಪ್ಪ
ನ್ಯಾಮತಿ ಕಡೆಯ ಆ ಹಳ್ಳಿಯಲ್ಲಿ ಊರಿಗೆ ಊರೇ ಒಂದು ಪಕ್ಷ, ಹಾಲೇಶಪ್ಪ ಒಬ್ಬನೇ ಇನ್ನೊಂದು. ಯಾವ ಚುನಾವಣೆಯೇ ಬರಲಿ, ಆ ಬೂತಿನಲ್ಲಿ ಅವನ ಪಕ್ಷಕ್ಕೆ ಬೀಳುವುದು ಒಂದೇ ವೋಟು. ಅದಕ್ಕೆ ಏಜೆಂಟನಾಗಿ ಬೆಳಗಿನಿಂದ ಸಂಜೆಯವರೆಗೆ ಕಾವಲು ಕೂರುವವನೂ ಅವನೇ. "ಮೂವತ್ತು ವರ್ಷದಿಂದ ನಮ್ ಪಕ್ಷಕ್ಕೆ ಒಂದು ವೋಟೂ ಕಮ್ಮಿ ಆಗಿಲ್ರಿ" ಎಂದು ಬೀಗುತ್ತಾನೆ. ಅವನು ಬರದಿದ್ದರೆ ಚಹಾದಂಗಡಿಯಲ್ಲಿ ಮಾತು ಕಳೆಗಟ್ಟುವುದಿಲ್ಲ. "ವಿರೋಧ ಪಕ್ಷ ಬಂತು, ಜಾಗ ಬಿಡ್ರಪ್ಪ" ಎಂದು ಎಲ್ಲರೂ ಬೆಂಚಿನ ಮೇಲೆ ಸರಿದು ಕೂರುತ್ತಾರೆ. ಅವರು ಕೊಡಿಸಿದ ಮಂಡಕ್ಕಿ ಮಿರ್ಚಿ ತಿನ್ನುತ್ತಲೇ ಅವರ ಸರ್ಕಾರವನ್ನು ಜಾಲಾಡುತ್ತಾನೆ. ಆದರೆ ಈ ಸಲ ಎಣಿಕೆಯಲ್ಲಿ ಎರಡು ವೋಟು ಬಂದವು. ಒಬ್ಬನಿದ್ದರೆ ತಮಾಷೆ, ಇಬ್ಬರಾದರೆ ಪಕ್ಷ. ಊರಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾವನವನು, ಗೊತ್ತಾಗಾಕೇ ಬೇಕು" ಎಂದು ಅಂಗಡಿಯಲ್ಲೇ ವಿಚಾರಣೆ ಶುರುವಾಯಿತು. ಹಾಲೇಶಪ್ಪ ಚಹಾ ಲೋಟ ಕೆಳಗಿಟ್ಟು, "ಸುಮ್ನೆ ಯಾಕ್ರಿ ಹುಡುಕ್ತೀರಿ, ನಾನೇ ಎರಡು ಸಲ ಬಟನ್ ಒತ್ತಿದೀನಿ" ಎಂದ. ಎಲ್ಲರೂ ನಕ್ಕರು, ವಿಚಾರಣೆ ಅಲ್ಲಿಗೇ ಮುಗಿಯಿತು. ಅಂದಿನಿಂದ ಅವನು ಬೆಂಚಿನ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಡುತ್ತಾನೆ. ಕೂತವನೇ ಆ ಎರಡನೆಯವನು ಎಂದು ಊರು ಅಂದುಕೊಂಡೀತೆಂಬ ಭಯಕ್ಕೆ ಯಾರೂ ಅಲ್ಲಿ ಕೂರುವುದಿಲ್ಲ.