ಸಂಭಾಷಣೆ ಬರೆದವನು ಸುಮ್ಮನಿರಬೇಕು

ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಹಾನಗಲ್ ಸುತ್ತಮುತ್ತ ಗೌಂಡಿ ಕೆಲಸ ಮಾಡುತ್ತ ಹದಿನಾಲ್ಕು ನಾಟಕ ಬರೆದೆ. ನಾನು ಕಟ್ಟಿದ ಗೋಡೆಯೂ ಬಿರಿದಿಲ್ಲ, ಬರೆದ ಮಾತನ್ನೂ ಯಾರೂ ತಿದ್ದಿಲ್ಲ. ನಮ್ಮ ಹಳ್ಳಿಯ ನಾಟಕಗಳಲ್ಲಿ ಬರೆದವನೇ ಪರದೆಯ ಮರೆಯಲ್ಲಿ ನಿಂತು, ಪಾತ್ರಧಾರಿ ತಡವರಿಸಿದರೆ ಮಾತು ಎತ್ತಿಕೊಡಬೇಕು. ಒಂದು ಕ್ಷಣ ರಂಗ ಸುಮ್ಮನಾದರೂ ಜನ ಸೀಟಿ ಹೊಡೆಯುತ್ತಾರೆ.

ಹೋದ ವರ್ಷ ಬೆಂಗಳೂರಿನ ನಿರ್ದೇಶಕರೊಬ್ಬರು ತಮ್ಮ ಸಿನಿಮಾಕ್ಕೆ ನನ್ನಿಂದ ಸಂಭಾಷಣೆ ಬರೆಸಿದರು. ಸವಣೂರಿನ ಹಳೆಯ ಮನೆಯೊಂದರಲ್ಲಿ ಚಿತ್ರೀಕರಣ. ಮನೆ ಬಿಟ್ಟು ಹೋಗಿ ಮದುವೆಯಾದ ಮಗಳು ವರ್ಷಗಳ ಮೇಲೆ ಬಂದು ಹೊಸ್ತಿಲಾಚೆ ನಿಂತಿದ್ದಾಳೆ. ತಾಯಿ ಹೇಳಬೇಕಾದದ್ದು ಇಷ್ಟೇ: "ಹೊರಗ ಯಾಕ ನಿಂತಿ? ರೊಟ್ಟಿ ಆರಾಕತ್ತಾವು, ಬಾ." ಈ ಮಾತಿಗಾಗಿ ನಾಲ್ಕು ದಿನ ತಲೆ ಕೆಡಿಸಿಕೊಂಡಿದ್ದೆ.

ತಾಯಿಯ ಪಾತ್ರ ಮಾಡುತ್ತಿದ್ದವರಿಗೆ ನಮ್ಮ ಭಾಷೆ ಹೊಸದು. ಮೊದಲ ಸಲ ತೊದಲಿದರು. ಎರಡನೇ ಸಲ ಅವರು ತಡೆದದ್ದೇ ತಡ, ಬಾಗಿಲ ಮರೆಯಲ್ಲಿದ್ದ ನಾನು, "ಹೊರಗ ಯಾಕ ನಿಂತಿ" ಎಂದುಬಿಟ್ಟೆ.

"ಯಾರದು?" ನಿರ್ದೇಶಕರು ಕೇಳಿದರು.

"ನಾನ ರೀ. ಅವರು ಮರ್ತಿದ್ರು."

"ಯಜಮಾನ್ರೇ, ಇಲ್ಲಿ ಮಾತೂ ಜೊತೆಗೇ ರೆಕಾರ್ಡ್ ಆಗುತ್ತೆ. ನಿಮ್ಮ ದನಿ ತಾಯಿ ಬಾಯಲ್ಲಿ ಬಂದ್ರೆ ಹೇಗೆ?" ಎಲ್ಲರೂ ನಕ್ಕರು. ನಿರ್ದೇಶಕರು ನಗಲಿಲ್ಲ. "ಬೆಳಕು ಹೋಗ್ತಿದೆ. ಇನ್ನೊಂದೇ ಸಲ. ಆಗ್ಲಿಲ್ಲ ಅಂದ್ರೆ ಇವರಿಗೆ ಬರೋ ಹಾಗೆ ಮಾತನ್ನ ನಾನೇ ಬದಲಾಯಿಸ್ತೀನಿ."

ಲೈಟು ಹಿಡಿದಿದ್ದ ಹುಲಗೂರಿನವನು ಪಿಸುಗುಟ್ಟಿದ: "ಗೌಂಡ್ಯಾರ, ಬಾಯಿಗೆ ಒಂದೀಟು ಸಿಮೆಂಟ್ ಮೆತ್ಕೋರಿ."

ನಗು ಬರಲಿಲ್ಲ. ಮಾತಾಡಿದರೆ ಟೇಕ್ ಕೆಡುತ್ತದೆ, ತಾಯಿ ಪಾತ್ರದವರು ಮರೆತರೆ ನನ್ನ ಮಾತೇ ಹೋಗುತ್ತದೆ. ಹೆಗಲ ಮೇಲಿನ ಟವಲ್ಲನ್ನು ಬಾಯಿಗೆ ಒತ್ತಿಕೊಂಡೆ.

ಮಗಳು ಬಂದು ನಿಂತಳು. ತಾಯಿ ತಲೆ ಎತ್ತಿದರು. ಮಾತಿಲ್ಲ. ಮೊದಲ ಶಬ್ದ ನನ್ನ ನಾಲಿಗೆಯ ತುದಿಯಲ್ಲಿತ್ತು. ಸೀಟಿ ಎಲ್ಲಿಂದ ಬಂದೀತೋ ಎಂದು ಕಿವಿ ಕಾಯುತ್ತಿತ್ತು. ಅವರು ಮಗಳ ಕಾಲುಗಳನ್ನೇ ನೋಡುತ್ತ ನಿಂತುಬಿಟ್ಟರು. ಆಮೇಲೆ, "ರೊಟ್ಟಿ ಆರಾಕತ್ತಾವು" ಎಂದಷ್ಟೇ ಹೇಳಿ ಒಳಗೆ ನಡೆದರು.

ಸೀಟಿ ಬರಲಿಲ್ಲ. ನಿರ್ದೇಶಕರು ನನ್ನ ಬಳಿ ಬಂದರು.

"ಮಾತಿನ ಹಿಂದೆ ಮುಂದೆ ಎರಡೂ ಬಿಟ್ರು. ಬರೆದೋರು ನೀವು. ಏನ್ಮಾಡೋಣ?"

ಬೇರೆ ದಿನವಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ.

"ಹಂಗ ಇರ್ಲಿ ಬಿಡ್ರಿ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅಂಗಳದ ಕಟ್ಟೆಯ ಮೇಲೆ ಕುಳಿತು, "ಹೊರಗ ಯಾಕ ನಿಂತಿ" ಎಂಬುದನ್ನೂ ಕೊನೆಯ "ಬಾ" ಅನ್ನೂ ನನ್ನ ಕೈಯಾರೆ ಹೊಡೆದು ಹಾಕಿದೆ. ನಂತರ ಮರುದಿನದ ಹಾಳೆಗಳನ್ನು ತಿರುವತೊಡಗಿದೆ. ಪುಟದ ತುಂಬ ಮಾತು. ಇದರಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಹೇಳುವ ಧೈರ್ಯ ಆ ಸಂಜೆ ನನಗಿರಲಿಲ್ಲ.