ಎಲೆ ನೆನೆಸಿದ ನೀರಿನ ಚಿತ್ರ

ಸುನಂದಾ ನನ್ನ ತಂಗಿ ಎಂದು ಹೇಳಬೇಕಾದ ಜಾಗದಲ್ಲಿ ನಾನು ಹೇಳಲಿಲ್ಲ. ಅದೂ ಅವಳ ಕಾಲೇಜಿನಲ್ಲಿ, ಅವಳು ಬರೆದ ಚಿತ್ರದ ಮುಂದೆಯೇ ನಿಂತು. ಇದನ್ನು ಮೊದಲು ಹೇಳಿಬಿಟ್ಟರೆ ಉಳಿದದ್ದನ್ನು ಹೇಳುವುದು ನನಗೆ ಸುಲಭ.

ಸುನಂದಾ ಯಾರನ್ನು ನೋಡಿದರೂ ಎಡಗಣ್ಣು ಮುಚ್ಚಿ ನೋಡುತ್ತಿದ್ದಳು. ಮನೆಗೆ ಬಂದವರು, ‘ಹುಡುಗಿಯ ಕಣ್ಣಿಗೇನಾಗಿದೆ?’ ಎಂದು ಕೇಳುತ್ತಿದ್ದರು. ಏನೂ ಆಗಿರಲಿಲ್ಲ. ಅವಳು ಅವರ ಮೂಗು, ಗಲ್ಲ ಅಳೆಯುತ್ತಿದ್ದಳು ಅಷ್ಟೆ. ನಾನು ನಾಲ್ಕನೇ ತರಗತಿಗೇ ಶಾಲೆ ಬಿಟ್ಟು, ನಿಪ್ಪಾಣಿಯ ನಮ್ಮ ಮನೆಯಲ್ಲಿ ಅವ್ವನ ಜೊತೆ ಬೀಡಿ ಕಟ್ಟಲು ಕೂತವಳು. ಒಂಬತ್ತು ವರ್ಷ ಚಿಕ್ಕವಳಾದ ಅವಳು ನಮ್ಮ ಎಲೆಯ ಬುಟ್ಟಿಗಳ ನಡುವೆಯೇ ಬೆಳೆದಳು.

ಬೀಡಿ ಎಲೆ ನೆನೆಸಿದ ನೀರನ್ನು ಎಲ್ಲರೂ ಗಟಾರಕ್ಕೆ ಚೆಲ್ಲುತ್ತಾರೆ. ಇವಳು ಅದಕ್ಕೆ ತಂಬಾಕಿನ ಪುಡಿ ಹಾಕಿ, ಕಾಸಿ, ಬಣ್ಣ ಮಾಡಿಕೊಳ್ಳುತ್ತಿದ್ದಳು. ತೆಳ್ಳಗೆ ಹಚ್ಚಿದರೆ ಚಹಾದ ಬಣ್ಣ, ಮೇಲೆ ಮೇಲೆ ಹಚ್ಚಿದರೆ ನಮ್ಮ ಮೈಬಣ್ಣ. ಒಮ್ಮೆ ಗೊತ್ತಿಲ್ಲದೆ ಆ ನೀರು ಚೆಲ್ಲಿಬಿಟ್ಟೆ. “ಯಕ್ಕಾ, ನನ್ನ ಅರ್ಧಾ ಎಮ್ಮಿ ಗಟಾರಕ್ಕ ಹಾಕಿದೆಲ್ಲ ಬೇ!” ಎಂದು ಅತ್ತಳು. ಎಮ್ಮೆಯ ತಲೆ ಮಾತ್ರ ಬರೆದಾಗಿತ್ತು.

ಹಾಲು ಹಾಕುವ ಅಪ್ಪಣ್ಣ ಕಾಕಾ ತನ್ನ ಚಿತ್ರ ತೆಗೆಸಿಕೊಂಡು, ನೋಡಿದ ಕೂಡಲೇ ಜಗಳಕ್ಕೆ ನಿಂತಿದ್ದ.

“ನನ್ನ ಮೂಗ ಹಿಂಗ ಸೊಟ್ಟ ಐತೇನಲೇ?”

“ಮೂಗ ನಿಂದ, ಕಾಕಾ. ಬರದಿದ್ದಷ್ಟ ನಂದು.”

ಆದರೂ ಆ ಹಾಳೆಯನ್ನು ಅವನು ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡೇ ಹೋದ.

ಚಿಕ್ಕೋಡಿಯ ಕಾಲೇಜಿನಲ್ಲಿ ಅವಳ ಚಿತ್ರಕಲೆಯ ಓದು ಮುಗಿಯುವ ಹೊತ್ತಿಗೆ, ಕೊನೆಯ ವರ್ಷದ ಮಕ್ಕಳೆಲ್ಲ ಸೇರಿ ಪ್ರದರ್ಶನ ಇಟ್ಟರು. “ಡಬ್ಬಿ ಗಿಬ್ಬಿ ಏನೂ ತರಬ್ಯಾಡ. ನನ್ನ ಚಿತ್ರದ ಬಾಜೂಕ ಬಂದ ನಿಂದ್ರು, ಸಾಕು” ಎಂದಿದ್ದಳು.

ನಾನು ಎರಡು ಸಲ ಸಾಬೂನು ಹಚ್ಚಿ ಮಿಂದೆ. ಬೆರಳಿನ ತಂಬಾಕಿನ ವಾಸನೆ ಹೋಗಲೆಂದು ನಿಂಬೆಹಣ್ಣು ತಿಕ್ಕಿಕೊಂಡೆ. ಮದುವೆ ಮನೆಗೆ ಉಡುವ ಸೀರೆ ಉಟ್ಟು ಹೋದೆ. ಒಬ್ಬ ಹುಡುಗ ತಂತಿಯಲ್ಲಿ ಎತ್ತು ಮಾಡಿದ್ದ. ಇನ್ನೊಬ್ಬಳು ಬಟ್ಟೆಯ ಚೂರು ಹೊಲಿದು ಕಬ್ಬಿನ ಗದ್ದೆ ಮಾಡಿದ್ದಳು. ಮೂಲೆಯಲ್ಲಿ ಬಾಗಿಲಿನಷ್ಟು ದೊಡ್ಡದಾಗಿ ನಾನೇ ಇದ್ದೆ. ಮಧ್ಯಾಹ್ನ ಗೋಡೆಗೆ ಒರಗಿ, ಬಾಯಿ ತೆರೆದು, ತೊಡೆಯ ಮೇಲೆ ಎಲೆ-ತಂಬಾಕಿನ ಮೊರ ಇಟ್ಟುಕೊಂಡು ನಿದ್ದೆ ಹೋಗಿದ್ದೆ. ಬೆರಳಲ್ಲಿ ಅರ್ಧ ಸುತ್ತಿದ ಬೀಡಿ. ಬರೆದದ್ದೆಲ್ಲ ಎಲೆಯ ನೀರಿನಲ್ಲೇ. ನಾನು ತಿಕ್ಕಿ ತೊಳೆದುಕೊಂಡು ಬಂದ ವಾಸನೆ ಆ ಮೂಲೆಯ ತುಂಬ ಹರಡಿತ್ತು.

ಒಳ್ಳೆಯ ಮನೆತನದವರಂತೆ ಕಾಣುತ್ತಿದ್ದ ಇಬ್ಬರು ಹೆಂಗಸರು ಮೂಗಿಗೆ ಸೆರಗು ಹಿಡಿದು ಹತ್ತಿರ ಬಂದರು. ಒಬ್ಬಾಕೆ ಚಿತ್ರ ನೋಡಿ, ನನ್ನ ಮುಖ ನೋಡಿ, ಮರಾಠಿಯಲ್ಲಿ “ತಾಈ, ಹ್ಯಾ ತುಮ್ಹೀಚ ಕಾ?” ಎಂದಳು. ಇವರು ನೀವೇ ಏನು ಎಂದು.

“ನಾಹೀ. ನಾನಲ್ರಿ” ಅಂದೆ.

‘ಇದನ್ನು ಬರೆದ ಹುಡುಗಿ ನಿಮಗೇನಾಗಬೇಕು?’ ಎಂದು ಆಕೆಯೇ ಮತ್ತೆ ಕೇಳಿದಳು.

“ಯಾರೂ ಅಲ್ರಿ. ನಮ್ಮ ಓಣ್ಯಾಕಿ.”

ತಿರುಗಿದರೆ ಹಿಂದೆಯೇ ಸುನಂದಾ, ನನಗೆಂದು ತಂದ ಚಹಾ ಹಿಡಿದು ನಿಂತಿದ್ದಳು. ನನ್ನ ಸುಳ್ಳನ್ನು ಅವಳು ಬಯಲು ಮಾಡಲಿಲ್ಲ. “ಚಾ ತಗೋರಿ, ಬಾಯಾರ” ಎಂದು ಗುರುತಿಲ್ಲದವರಿಗೆ ಕೊಟ್ಟಂತೆ ಕೊಟ್ಟಳು. ಮಾತು ಕಲಿತಾಗಿನಿಂದ ಅವಳು ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ.

ಮನೆಗೆ ಬಂದಮೇಲೆ ಮತ್ತೆ ‘ಯಕ್ಕಾ’ ಎಂದೇ ಕರೆದಳು. ಉಂಡಳು, ನಕ್ಕಳು, ಆ ಮಾತು ಎತ್ತಲಿಲ್ಲ. ಚಿತ್ರವನ್ನು ಸುರುಳಿ ಸುತ್ತಿ ಅಟ್ಟಕ್ಕೆ ಹಾಕಿದಳು. ‘ಅಲ್ಲಾಡಬ್ಯಾಡ, ಸುಮ್ನ ಕುಂದ್ರು’ ಎಂದು ನನ್ನನ್ನು ಮತ್ತೆ ಎದುರಿಗೆ ಕೂರಿಸಿಕೊಳ್ಳಲಿಲ್ಲ. ಒಂದು ವರ್ಷದ ಮೇಲೆ ಅಥಣಿಯ ಒಂದು ಶಾಲೆಗೆ ಡ್ರಾಯಿಂಗ್ ಟೀಚರ್ ಆಗಿ ಹೋದಳು. ಅವಳಿಲ್ಲದ ಮನೆಯಲ್ಲಿ ಎಲೆಯ ನೀರು ಚೆಲ್ಲಲು ಹೋಗಿ ಎಷ್ಟೋ ಸಲ ಸುಮ್ಮನೆ ನಿಂತಿದ್ದೇನೆ.

ಹೋದ ಭಾನುವಾರ ಅವಳ ಬಾಡಿಗೆ ಕೋಣೆಗೆ ಹೋಗಿದ್ದೆ. ಗೋಡೆಯ ತುಂಬ ಗಡಿಗೆಯ ಚಿತ್ರಗಳು. ಮನುಷ್ಯರ ಮುಖ ಒಂದೂ ಇರಲಿಲ್ಲ.

“ಬರೇ ಗಡಿಗಿ ತಗದೀಯಲ್ಲ? ಮಂದಿ ಎಲ್ಲಿ ಹೋದ್ರ?”

ಅವಳು ಸ್ಟೋವಿನ ಮೇಲಿನ ಚಹಾ ಸೋಸುತ್ತಾ, ನನ್ನ ಕಡೆ ನೋಡದೆ ಅಂದಳು: “ಗಡಿಗಿ ‘ನಾನಲ್ಲ’ ಅನ್ನೂದಿಲ್ಲ ಯಕ್ಕಾ.”

ಸಿಟ್ಟಿನಿಂದ ಅಂದಿದ್ದರೆ ಜಗಳ ಮಾಡುತ್ತಿದ್ದೆನೇನೋ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಎದ್ದು ಹೋಗಿ ಅವಳ ಕೈ ಹಿಡಿದೆ.

“ಸುನಿ, ಅವತ್ತ ನನಗ ನನ್ನ ವಾಸನೀದ ನಾಚಿಕಿ ಬಂದಿತ್ತ. ನಿಂದಲ್ಲ. ಆ ಚಿತ್ರದಾಗ ಕುಂತಾಕಿ ನಾನ ಅದೀನಿ. ನೀ ನನ್ನ ತಂಗಿ. ತಪ್ಪಾತ ಬೇ ನಂದು, ಕ್ಷಮಾ ಮಾಡು.”