ಯಾರೂ ಬೇಡ ಅನ್ನಲಿಲ್ಲವಂತೆ

ಇಷ್ಟು ವರ್ಷವಾದರೂ ಆ ದಿನ ನೆನಪಾದರೆ ನನಗೆ ಮೈಯೆಲ್ಲ ಉರಿಯುತ್ತದೆ. ಎರಡು ಸಾವಿರದ ಇಸವಿ ದಾಟಿದ ಕಾಲ. ಕುಣಿಗಲ್‌ನಲ್ಲಿ ನನ್ನ ಚಿಕ್ಕಮ್ಮ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದರು. ಅಲ್ಲಿದ್ದ ಹಳೆಯ ಕಂಪ್ಯೂಟರುಗಳಿಗೆಲ್ಲ ನಾನೇ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್ ಹಾಕಿಕೊಟ್ಟಿದ್ದೆ. ಎಲ್ಲೆಲ್ಲಿಯವರೋ ಸೇರಿ, ಈಮೇಲಿನಲ್ಲೇ ಚರ್ಚಿಸಿ ಕಟ್ಟುವ ಸಿಸ್ಟಮ್ ಅದು. ಆ ಚರ್ಚೆಯ ಈಮೇಲುಗಳು ನನಗೂ ಬರುತ್ತಿದ್ದವು. ಅಲ್ಲಿ ಎಲ್ಲರ ಮಾತಿಗೂ ಬೆಲೆಯಿದೆ ಎಂದು ನಂಬಿ ಬೀಗುತ್ತಿದ್ದೆ.

ಮಕ್ಕಳು ಸರ್ಟಿಫಿಕೇಟ್ ಸಿಗುವ ಕಡೆಗೆ ಹೋಗತೊಡಗಿದ್ದರು. ಕ್ಲಾಸಿಗೆ ಮಾನ್ಯತೆ ಸಿಗದಿದ್ದರೆ ಬಾಗಿಲು ಹಾಕುವುದೇ ಎಂದು ಚಿಕ್ಕಮ್ಮ ಹೇಳಿಬಿಟ್ಟಿದ್ದರು. ಮಾನ್ಯತೆ ಕೊಡುವವರು ತಪಾಸಣೆಗೆ ಬರುತ್ತಾರೆಂದು ತಿಳಿದಾಗ ನಾನು ಮುತುವರ್ಜಿಯಿಂದ ಸಿಸ್ಟಮ್ಮಿನ ಹೊಸ ಆವೃತ್ತಿ ಹಾಕಿ ಬಂದೆ.

ತಪಾಸಣೆಯವರು ಬಂದು ಕೂತಾಗ ಕರೆಂಟ್ ಹೋಯಿತು. ಅದೇನು ಹೊಸದಲ್ಲ. ಮೊದಲಾದರೆ ಕರೆಂಟ್ ಬಂದೊಡನೆ ಕಂಪ್ಯೂಟರುಗಳು ತಾವೇ ಡಿಸ್ಕ್ ಸರಿಮಾಡಿಕೊಂಡು ಶುರುವಾಗುತ್ತಿದ್ದವು. ಅವತ್ತು ಎಲ್ಲವೂ ಕಪ್ಪು ಪರದೆಯಲ್ಲಿ ಪಾಸ್‌ವರ್ಡ್ ಕೇಳುತ್ತಾ ನಿಂತವು. ಅದು ಗೊತ್ತಿದ್ದುದು ನನಗೊಬ್ಬಳಿಗೆ. ನಾನು ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದೆ. ಚಿಕ್ಕಮ್ಮ ಫೋನ್ ಮಾಡಿದ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಬಂದವರು ಎದ್ದು ಹೋಗಿದ್ದರು. "ಆನ್ ಮಾಡಕ್ಕೇ ಬರಲ್ಲ, ಇನ್ನೇನ್ ಹೇಳ್ಕೊಡ್ತೀರಮ್ಮ?" ಅಂದರಂತೆ. ಮಾನ್ಯತೆ ಸಿಗಲಿಲ್ಲ.

ಸಂಜೆ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಕೂತು ಹಳೆಯ ಚರ್ಚೆಯನ್ನೆಲ್ಲ ಜಾಲಾಡಿದೆ. ಸಿಕ್ಕಿತು. ಹೊಸ ಆವೃತ್ತಿಯಲ್ಲಿ, ಸರಿಯಾಗಿ ಆಫ್ ಮಾಡದ ಕಂಪ್ಯೂಟರ್ ಮತ್ತೆ ಶುರುವಾಗುವಾಗ ತಾನೇ ರಿಪೇರಿ ಮಾಡಿಕೊಳ್ಳಬಾರದು, ನಿಂತು ಪಾಸ್‌ವರ್ಡ್ ಕೇಳಬೇಕು ಎಂದು ಯಾರೋ ಸೂಚಿಸಿದ್ದರು. ಬೇಡ ಎನ್ನುವವರಿಗೆ ಒಂದು ವಾರದ ಗಡುವು. ಕೊನೆಗೆ ಒಂದು ಸಾಲು: ಯಾರೂ ಆಕ್ಷೇಪಿಸಿಲ್ಲ, ಒಪ್ಪಿಗೆಯಾಗಿದೆ.

ದಿನಾಂಕ ನೋಡಿದೆ. ಆ ವಾರ ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕತ್ತಲಲ್ಲಿ ಕೂತಿದ್ದೆವು. ಆಮೇಲೆ ರಾಶಿ ಬಿದ್ದ ಈಮೇಲುಗಳಲ್ಲಿ ಇದು ಹೂತುಹೋಗಿತ್ತು. ಕರೆಂಟ್ ಹೋಗುವವರ ಹಣೆಬರಹವನ್ನು ಕರೆಂಟ್ ಇದ್ದವರೇ ಕೂತು ಬರೆದಿದ್ದರು. ನಾನು ಬಾಯಿ ಬಿಡಲಾಗದ್ದನ್ನೇ ಒಪ್ಪಿಗೆ ಎಂದುಕೊಂಡಿದ್ದರು!

ಚೆನ್ನಾಗಿ ಉಗಿದು ಬರೆದೆ. ನಯವಾದ ಉತ್ತರ ಬಂತು. ನಿಮ್ಮಂಥವರ ಪರಿಸ್ಥಿತಿ ಅಪರೂಪ, ಬೇಕಿದ್ದರೆ ಸಿಸ್ಟಮ್ಮಿನ ಸೆಟ್ಟಿಂಗಿನಲ್ಲಿ ಒಂದು ಸಾಲು ಬದಲಾಯಿಸಿಕೊಳ್ಳಿ, ಇಲ್ಲವೇ ಯುಪಿಎಸ್ ಕೊಳ್ಳಿ. ಅಪರೂಪವಂತೆ! ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾವ ಮನೆಯ ಬಾಗಿಲು ತಟ್ಟಿ ಬೇಕಾದರೂ ಕೇಳಲಿ.

ಆ ಒಂದು ಸಾಲು ಬದಲಾಯಿಸಲು ಭಾನುವಾರ ಕುಣಿಗಲ್‌ಗೆ ಹೋದೆ. ಚಿಕ್ಕಮ್ಮ ಆಗಲೇ ಬೋರ್ಡು ಇಳಿಸಿ ಗೋಡೆಗೆ ಒರಗಿಸಿದ್ದರು. ನಡೆದದ್ದನ್ನು ಹೇಳಿದೆ.

"ಬದಲಾಯ್ಸೋಕ್ ಮುಂಚೆ ಯಾರ್ನೂ ಕೇಳಲ್ವೇನೇ ಅವ್ರು?"

"ಕೇಳಿದ್ರಂತೆ ಚಿಕ್ಕಮ್ಮ. ಯಾರೂ ಬೇಡ ಅನ್ಲಿಲ್ವಂತೆ."

"ನನ್ನ ಯಾರು ಕೇಳಿದ್ರೇ?" ಅಂದರು. "ಬುಡು, ಕಾಫಿ ಕುಡಿ" ಎಂದು ಒಳಗೆ ಹೋದರು.

ಮುಂದೊಂದು ದಿನ ಇನ್ನೇನನ್ನೋ ಬದಲಾಯಿಸುವ ಸೂಚನೆ ಬಂತು. ಅದಕ್ಕೂ ಅದೇ ಒಂದು ವಾರದ ಗಡುವು. ಏನನ್ನು ಬದಲಾಯಿಸುತ್ತಾರೆಂದು ಓದುವ ಮೊದಲೇ "ಬೇಡ" ಎಂದು ಬರೆದು ಕಳಿಸಿದೆ.